ತೊಂಬತ್ತೆರಡು ಪರ್ಸೆಂಟ್ ಗ್ಯಾರಂಟಿ ಸೀಟು

ಪರೀಕ್ಷೆಯ ಫಲಿತಾಂಶ ಬಂತೆಂದರೆ ಮಕ್ಕಳಿಗಿಂತ ಬೀದಿಗೇ ಹೆಚ್ಚು ಜ್ವರ. ಯಾರ ಮಗನಿಗೆ ಎಷ್ಟು, ಯಾರ ಮಗಳು ಯಾವ ಕಾಲೇಜಿಗೆ, ಬರೀ ಇದೇ ಮಾತು. ಈ ಸಲ ನಮ್ಮ ಬೀದಿಯಲ್ಲಿ ಆ ಜ್ವರ ಜೋರಾಗಿ ಹತ್ತಿದ್ದು ಬೀಗ ರಿಪೇರಿ ಅಂಗಡಿಯವನಿಗೆ.

ಹತ್ತದೆ ಇರುತ್ತದೆಯೇ? ಮಗಳು ಗಣಿತ, ಭೌತಶಾಸ್ತ್ರ ಎರಡರಲ್ಲೂ ಶಾಲೆಗೇ ಮೊದಲು. ಅವಳ ಕಣ್ಣಿದ್ದದ್ದು ದೊಡ್ಡ ವಿಜ್ಞಾನ ಮತ್ತು ಎಂಜಿನಿಯರಿಂಗ್ ಕಾಲೇಜಿನ ಮೇಲೆ. ಅಲ್ಲಿಗೆ ಅರ್ಜಿ ಹಾಕಿಯೂ ಆಗಿತ್ತು. ಆಮೇಲೆ ಅಪ್ಪ ಅವಳ ಅಂಕಗಳನ್ನು ಫೋನಿನ ಒಂದು ಆ್ಯಪ್‌ಗೆ ತುಂಬಿ ನೋಡಿದ. "ಸೀಟು ಸಿಗುವ ಸಾಧ್ಯತೆ ತೊಂಬತ್ತೆರಡು ಪರ್ಸೆಂಟ್" ಎಂದು ಹಸಿರು ಅಕ್ಷರದಲ್ಲಿ ಬಂತು. ಮುಗಿಯಿತು! ಕೀಲಿಕೈ ಮಾಡಿಸಲು ಬಂದವರಿಗೆಲ್ಲ ಅದನ್ನೇ ತೋರಿಸಿದ. ಬೇರೆ ಕಾಲೇಜಿನ ಮಾತೇ ಎತ್ತಬೇಡಿ ಎಂದು ಮನೆಯಲ್ಲಿ ಕಟ್ಟಪ್ಪಣೆಯನ್ನೂ ಹೊರಡಿಸಿದ.

ಒಂದು ಸಂಜೆ ಎದುರುಮನೆಯ ಟೀಚರಮ್ಮ ಕೆಟ್ಟುಹೋದ ಬೀಗವೊಂದನ್ನು ಹಿಡಿದು ಅಂಗಡಿಗೆ ಬಂದರು. ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವವರು, ವರ್ಷವರ್ಷವೂ ಮಕ್ಕಳಿಗೆ ಕಾಲೇಜಿನ ಅರ್ಜಿ ತುಂಬಿಸಿ ಪಳಗಿದವರು. ಹುಡುಗಿ ಮೂಲೆಯ ಸ್ಟೂಲಿನ ಮೇಲೆ ಕುಳಿತು ಹಳೆಯ ಕೀಲಿಕೈಗಳನ್ನು ಬೇರ್ಪಡಿಸುತ್ತಿದ್ದಳು.

"ಏನಪ್ಪಾ, ಮಗಳಿಗೆ ಇನ್ನೂ ಎಲ್ಲೆಲ್ಲಿ ಅರ್ಜಿ ಹಾಕಿದೀಯ? ನಾಳೆ ಸಂಜೆಗೆ ಸುಮಾರು ಕಾಲೇಜುಗಳದ್ದು ಕೊನೇ ದಿನ."

"ಇನ್ನೊಂದು ಯಾಕಕ್ಕಾ? ತೊಂಬತ್ತೆರಡು ಪರ್ಸೆಂಟ್ ಇದೆ! ಬೇರೆ ಕಡೆ ಹಾಕೋದು ಅಂದ್ರೆ ನನ್ನ ಮಗಳ ಮೇಲೆ ನನಗೇ ನಂಬಿಕೆ ಇಲ್ಲ ಅಂದಂಗೆ. ಬಿಡ್ತು ಅನ್ನಿ."

"ಹೌದಾ? ಬೀಗ ಮಾರುವಾಗ ಎರಡು ಕೀಲಿಕೈ ಕೊಡ್ತೀಯಲ್ಲ, ಗಿರಾಕಿ ಮೇಲೆ ನಂಬಿಕೆ ಇಲ್ದೇನಾ?"

ಅವನು ಅರ ಉಜ್ಜುವುದನ್ನು ನಿಲ್ಲಿಸಿದ. "ಅದು ಬೇರೆ, ಇದು ಬೇರೆ" ಎಂದ.

"ನೋಡಪ್ಪಾ, ಹೋದ ವರ್ಷ ಅಲ್ಲಿಗೆ ನೂರು ಜನ ಅರ್ಜಿ ಹಾಕಿದ್ರೆ ಏಳು ಜನಕ್ಕೆ ಸೀಟು ಸಿಕ್ಕಿದೆ. ಕಾಲೇಜಿನವರೇ ವೆಬ್‌ಸೈಟಲ್ಲಿ ಹಾಕಿದಾರೆ. ಆ ನೂರು ಜನ ಯಾರು? ಎಲ್ರೂ ಅವರವರ ಶಾಲೆಗೆ ಮೊದಲು ಬಂದೋರೇ. ನಮ್ಮ ಹುಡುಗಿ ಜಾಣೆ, ಅದರಲ್ಲಿ ಎರಡು ಮಾತಿಲ್ಲ. ಆದ್ರೆ ಆ ಸಾಲಲ್ಲಿ ನಿಂತಿರೋರೆಲ್ಲ ಜಾಣರೇ. ಸಿಗಬಹುದು, ಸಿಗದೇನೂ ಇರಬಹುದು."

"ಹಂಗಾದ್ರೆ ಫೋನು ಸುಳ್ಳು ಹೇಳುತ್ತಾ?"

"ನೋಡೇಬಿಡೋಣ. ಈಗ ನಿನ್ನ ಅಂಕ ಹಾಕು."

"ನನ್ನದಾ? ಅಯ್ಯೋ, ಗಣಿತಕ್ಕೆ ಮೂರು ಸಲ ಕೂತು ಪಾಸಾದೋನು ನಾನು!"

"ಹಾಕಯ್ಯಾ ಸುಮ್ನೆ."

ಹಾಕಿದ. ಚಕ್ರ ತಿರುಗಿತು. ಮತ್ತೆ ಹಸಿರು ಅಕ್ಷರ: "ಅಭಿನಂದನೆಗಳು! ಸಾಧ್ಯತೆ ಎಂಬತ್ತೆಂಟು ಪರ್ಸೆಂಟ್. ಖಚಿತಪಡಿಸಿಕೊಳ್ಳಲು ಇಂದೇ ನಮ್ಮ ಕೋಚಿಂಗ್ ಸೇರಿ!"

ಟೀಚರಮ್ಮನಿಗೆ ನಗು ತಡೆಯಲಾಗಲಿಲ್ಲ. "ನಡಿಯಪ್ಪಾ, ನೀನೂ ಹೊರಡು. ಅಪ್ಪ ಮಗಳು ಒಂದೇ ಬೆಂಚಲ್ಲಿ ಕೂತ್ಕೊಳ್ಳಿ."

ಇಂಗು ತಿಂದ ಮಂಗನ ಹಾಗಾಯಿತು ಅವನ ಮುಖ. ಆದರೆ ಹುಡುಗಿ ನಗಲಿಲ್ಲ. ಅವಳ ಕಣ್ಣು ತುಂಬಿತ್ತು.

"ಅಪ್ಪಾ, ನನಗೆ ಮೊದಲಿಂದ್ಲೂ ಭಯ. ಅಲ್ಲಿ ಸಿಗದೇ ಹೋದ್ರೆ ಒಂದು ವರ್ಷ ಮನೇಲಿ ಕೂರ್ಬೇಕಲ್ಲ ಅಂತ. ನೀನು ಬೀದಿಗೆಲ್ಲ ಹೇಳ್ಕೊಂಡು ಬಂದುಬಿಟ್ಟಿದ್ದೆ. ಹೆಂಗೆ ಹೇಳ್ಲಿ ನಾನು?"

ಅವನು ಎದ್ದು ಅವಳ ಬಳಿ ಬಂದ. ಕೈಗೆ ಹತ್ತಿದ ಎಣ್ಣೆಯನ್ನು ಪ್ಯಾಂಟಿಗೇ ಒರೆಸಿಕೊಂಡು ಮಗಳ ತಲೆ ಸವರಿದ. "ನನ್ನ ಜಂಬ ನೋಡಿ ನೀನು ಬಾಯಿ ಮುಚ್ಕೊಂಡು ಕೂತಿದ್ಯಾ ಮಗಾ? ಥೂ, ಎಂಥಾ ಅಪ್ಪ ನಾನು!"

"ಆಯ್ತು, ಈಗ ಆ ಹಾಡು ಬೇಡ" ಎಂದರು ಟೀಚರಮ್ಮ. "ಕೆಲಸ ನೋಡೋಣ. ಒಂದೊಂದು ಕಾಲೇಜಲ್ಲೂ ಹಿಂದಿನ ಮೂರು ವರ್ಷ ಎಷ್ಟು ಅಂಕದವರಿಗೆ ಸೀಟು ಸಿಕ್ಕಿದೆ ನೋಡಬೇಕು. ಒಂದೇ ವರ್ಷದ್ದು ನಂಬಬಾರದು, ಏರುಪೇರು ಇರುತ್ತೆ. ಕಷ್ಟದ್ದು ಒಂದು ಇದ್ದೇ ಇದೆ. ಇವಳ ಅಂಕಕ್ಕೆ ಸರಿಹೊಂದೋದು ಎರಡ್ಮೂರು ಇರ್ಲಿ. ಸಿಕ್ಕೇ ಸಿಗುತ್ತೆ ಅನ್ನೋದು ಒಂದೆರಡು. ಆ ಕೊನೇವೂ ಇವಳು ಖುಷಿಯಿಂದ ಹೋಗೋ ಅಂಥವೇ ಆಗಿರ್ಬೇಕು, ಕಾಟಾಚಾರಕ್ಕೆ ಹಾಕ್ಬಾರದು."

"ಹಂಗಾದ್ರೆ ದೊಡ್ಡ ಕಾಲೇಜಿನ ಆಸೆ ಬಿಡ್ಬೇಕಾ ಅಕ್ಕಾ?"

"ಯಾಕೆ ಬಿಡ್ತೀಯ? ಆಸೆನೂ ಇರ್ಲಿ, ದಾರಿನೂ ಇರ್ಲಿ."

ಬಂದ ಗಿರಾಕಿಗಳನ್ನು ಆಮೇಲೆ ಬನ್ನಿ ಎಂದು ಕಳಿಸಿ ಮೂವರೂ ಫೋನಿನ ಸುತ್ತ ಕುಳಿತರು. ಮಾರನೆಯ ದಿನ, ಗಡುವು ಮುಗಿಯುವ ಮೊದಲೇ ಇನ್ನೂ ನಾಲ್ಕು ಕಾಲೇಜಿಗೆ ಅರ್ಜಿ ಹೋಯಿತು. ನಾಲ್ಕನ್ನೂ ಆರಿಸಿದ್ದು ಹುಡುಗಿಯೇ.

ತಿಂಗಳಾದ ಮೇಲೆ ದೊಡ್ಡ ಕಾಲೇಜಿನ ಪಟ್ಟಿ ಬಂತು. ಅವಳ ಹೆಸರಿರಲಿಲ್ಲ. ಹುಡುಗಿ ಬಿಕ್ಕಿಬಿಕ್ಕಿ ಅತ್ತಳು. ಅಳಬೇಡ ಎಂದು ಯಾರೂ ಹೇಳಲಿಲ್ಲ. ಅಷ್ಟೊಂದು ಓದಿದ ಮಗು, ಪಾಪ, ಅಳದೆ ಇನ್ನೇನು ಮಾಡೀತು? ಅದೇ ವಾರ ಇನ್ನೊಂದು ಕಾಲೇಜಿನಿಂದ ಸೀಟು ಬಂತು. ಅವಳು ಬಯಸಿದ ಎಲೆಕ್ಟ್ರಿಕಲ್ ವಿಭಾಗವೇ. ಅಲ್ಲಿನ ಪ್ರಯೋಗಾಲಯದ ಫೋಟೋಗಳನ್ನು ಅಪ್ಪನಿಗೆ ತೋರಿಸುತ್ತಾ ತೋರಿಸುತ್ತಾ ಅವಳ ಮುಖ ಅರಳಿತು.

ಬೀದಿಯ ಬಾಯಿ ಸುಮ್ಮನಿರುತ್ತದೆಯೇ? ಹಾಲಿನಂಗಡಿಯವನು ಕೇಳಿಯೇಬಿಟ್ಟ. "ಏನಯ್ಯಾ, ನಿನ್ನ ತೊಂಬತ್ತೆರಡು ಪರ್ಸೆಂಟ್ ಏನಾಯ್ತು?"

"ಅಲ್ಲಿ ಸಿಗಲಿಲ್ಲ" ಎಂದ ಬೀಗದವನು, ತಲೆ ತಗ್ಗಿಸದೆ. "ನನ್ನ ಮಾತೇ ನಡೆದಿದ್ರೆ ಈಗ ಮನೇಲಿ ಕೂತಿರೋಳು. ಸೋಮವಾರದಿಂದ ಬೇರೆ ಕಾಲೇಜಿಗೆ ಹೊರಟಿದಾಳೆ. ನಿನ್ನ ಮಗಂದು ಬರೋ ವರ್ಷ ಅಲ್ವಾ? ಮನೆಗೆ ಹೋಗಿ ಅವನಿಗೆ ಭಯ ಇದೆಯಾ ಅಂತ ಒಂದು ಮಾತು ಕೇಳು."

ಇದನ್ನು ಓದುತ್ತಿರುವ ಅಪ್ಪಂದಿರೇ, ಅಮ್ಮಂದಿರೇ, ಆ ಮಾತು ನಿಮಗೂ ಸೇರಿದ್ದು. ನಿಮ್ಮ ಮಕ್ಕಳು ದೊಡ್ಡ ಕಾಲೇಜಿಗೆ ಧಾರಾಳವಾಗಿ ಅರ್ಜಿ ಹಾಕಲಿ. ಆದರೆ ಯಾವುದೋ ಆ್ಯಪ್ ಕೊಟ್ಟ ಅಂಕಿಯನ್ನು ನಂಬಿ ಉಳಿದ ಬಾಗಿಲು ಮುಚ್ಚಬೇಡಿ. ಕಾಲೇಜಿನವರೇ ಕೊಟ್ಟ ಲೆಕ್ಕ ನೋಡಿ, ಶಾಲೆಯ ಶಿಕ್ಷಕರನ್ನು ಕೇಳಿ, ಕೊನೆಯ ದಿನಾಂಕಗಳನ್ನು ಗೋಡೆಯ ಮೇಲೆ ಬರೆದಿಡಿ. ಅದಕ್ಕೂ ಮೊದಲು, ಇವತ್ತೇ, ಮಗುವನ್ನು ಪಕ್ಕದಲ್ಲಿ ಕೂರಿಸಿಕೊಂಡು ಅದರ ಮನಸ್ಸಿನಲ್ಲಿ ಏನಿದೆ ಎಂದು ಕೇಳಿ. ಕೇಳಿದ ಮೇಲೆ, ದಯವಿಟ್ಟು, ಅದು ಹೇಳುವವರೆಗೂ ಸುಮ್ಮನಿರಿ.