ಸಿಂಕಿಗೆ ಇಟ್ಟ ಎಡೆ

ಸಾರಿಗೆ ಒಗ್ಗರಣೆ ಹಾಕಿ, ಶಕುಂತಲಮ್ಮ ಒಂದು ಹಿಡಿ ಅನ್ನ ತೆಗೆದು ಪಕ್ಕಕ್ಕಿಟ್ಟರು. ಬಸುರಿ ಸೊಸೆ ಶ್ರೀವಿದ್ಯಾ ರೂಮಿನಲ್ಲಿ ಮಲಗಿದ್ದಳು. ಅನ್ನಕ್ಕೆ ಅರಿಸಿನ ಕುಂಕುಮ ಕಲಸಿ, ಸಿಂಕಿನ ಕಪ್ಪು ರಬ್ಬರ್ ಬಾಯೊಳಗೆ ಬೆರಳಿಂದ ತಳ್ಳಿದರು.

"ತಿಂದು ಸುಮ್ಮನಿರು ತಾಯಿ. ಹುಡುಗಿ ತಂಟೆಗೆ ಬರಬೇಡ."

ಒಳಗಿನಿಂದ ಸದ್ದು ಬರಲಿಲ್ಲ. ಅವರು ಕೈ ತೊಳೆದುಕೊಂಡರು, ನಲ್ಲಿಯನ್ನು ಸೆರಗಿನ ತುದಿಯಿಂದ ಹಿಡಿದು.

ಬಾಣಂತನಕ್ಕೆಂದು ಮೈಸೂರಿನಿಂದ ಅಮೆರಿಕದ ಲೂಯಿಸ್‌ವಿಲ್‌ಗೆ ಬಂದ ಹೊಸತರಲ್ಲಿ ಬೀದಿಯಲ್ಲಿ ಒಂದು ನರಪಿಳ್ಳೆಯೂ ಕಾಣದಿದ್ದುದು ಅವರಿಗೆ ವಿಚಿತ್ರವೆನಿಸಿತ್ತು. ಕಾರುಗಳು ಬರುತ್ತಿದ್ದವು, ಮನೆಗಳು ಬಾಯಿ ತೆರೆದು ಅವನ್ನು ನುಂಗಿ ಮತ್ತೆ ಮುಚ್ಚಿಕೊಳ್ಳುತ್ತಿದ್ದವು. ಮಗ ಪ್ರತಾಪ ಕೊಂಡಿದ್ದ ಈ ಮನೆಯಲ್ಲಿ ಮೊದಲು ಒಬ್ಬಂಟಿ ಮುದುಕಿಯೊಬ್ಬಳಿದ್ದಳಂತೆ. ಸತ್ತು ಬಿದ್ದಿದ್ದು ಅಡುಗೆಮನೆಯಲ್ಲೇ ಅಂತೆ. ಪಕ್ಕದ ಮನೆಯವಳು ಹೇಳಿದ್ದನ್ನು ಶ್ರೀವಿದ್ಯಾ ಮಾತಿಗೆ ಮಾತು ಬಂದು ಹೇಳಿ, ಹೇಳಿದ ಮೇಲೆ ನಾಲಿಗೆ ಕಚ್ಚಿಕೊಂಡಿದ್ದಳು.

ಅದಾದ ಮೇಲೆ ಒಂದು ಮಧ್ಯಾಹ್ನ ಸಿಂಕು ತಾನಾಗಿಯೇ ಗುರುಗುಟ್ಟಿತು. ಒಳಗೆ ಎಂಜಲು ಅರೆಯುವ ಮೆಷಿನ್ ಇದೆ, ಡಿಸ್ಪೋಸಲ್ ಅಂತಾರೆ, ಎಂದು ಮಗ ಹೇಳಿದ್ದ. ಮೆಷಿನ್ನು ಹಾಕಿದರೆ ತಿರುಗಬೇಕು. ಅಂದು ಸ್ವಿಚ್ ಮುಟ್ಟಿದವರೇ ಇರಲಿಲ್ಲ. ಇನ್ನೊಂದು ದಿನ ಒದ್ದೆ ಕೈಯಲ್ಲಿ ನಲ್ಲಿ ಹಿಡಿದಾಗ ಜುಮ್ಮೆಂದಿತು. ಒಳಗಿದ್ದವರು ಯಾರೋ ಬೆರಳ ತುದಿಯನ್ನು ಮೆಲ್ಲಗೆ ಹಿಡಿದು ಬಿಟ್ಟಂತೆ. ಬಸುರಿ ಹೆದರಿಯಾಳೆಂದು ಶಕುಂತಲಮ್ಮ ಬಾಯಿ ಬಿಡಲಿಲ್ಲ. ಎಡೆ ಇಡತೊಡಗಿದರು. ಶುಕ್ರವಾರ ನಿಂಬೆಹೋಳನ್ನೂ ಹಾಕಿದರು.

ದೇವರು ಇದ್ದುದು ದಿನಸಿ ಇಡುವ ಗೂಡಿನಲ್ಲಿ. ಎಣ್ಣೆ ದೀಪ ಹಚ್ಚಿದ ಮೊದಲ ದಿನವೇ ಸೂರಿನ ಹೊಗೆ ಅಲಾರಂ ಕಿರುಚಿಕೊಂಡಿದ್ದರಿಂದ ಪ್ರತಾಪ ಕೆಂಪು ಬಲ್ಬಿನ ಕರೆಂಟ್ ದೀಪ ತಂದುಕೊಟ್ಟಿದ್ದ. ಹೆರಿಗೆಯಾಗುವವರೆಗೂ ಅದು ಹಗಲೂ ರಾತ್ರಿ ಉರಿಯಬೇಕೆಂದು ಅವರು ಹರಕೆ ಹೊತ್ತಿದ್ದರು.

ಆ ಶನಿವಾರ ಸಿಂಕಿನ ಕೆಳಗೆ ನೀರು ನಿಂತಿತ್ತು. ಪ್ರತಾಪ ಅಂಗಡಿಗೆ ಹೋಗಿ ಹೊಸ ಡಿಸ್ಪೋಸಲ್ ಹೊತ್ತು ತಂದ.

"ಗೊತ್ತಿರೋನನ್ನ ಕರೆಸಬಾರದೇನೋ?"

"ಅವನು ಬರೋದು ಮುಂದಿನ ವಾರ ಅಂತೆ. ಅಲ್ಲೀವರೆಗೂ ಬಚ್ಚಲಲ್ಲಿ ಪಾತ್ರೆ ತೊಳೀತೀಯಾ? ಹೇಗೆ ಕೂರಿಸೋದು ಅಂತ ಇದರಲ್ಲೇ ಬರೆದಿದೆ."

ಹೊರಗೆ ಕೆರೆಯ ಕಡೆಯಿಂದ ಮೋಡ ಕವಿದು ಆಕಾಶ ಪಾಚಿಯ ಬಣ್ಣಕ್ಕೆ ತಿರುಗಿತ್ತು. ಆಲಿಕಲ್ಲು ಬೀಳುವ ಮುಂಚಿನ ಬಣ್ಣ ಅದು. ಪ್ರತಾಪ ಗರಾಜಿಗೆ ಹೋಗಿ ಗೋಡೆಯ ಕರೆಂಟಿನ ಪೆಟ್ಟಿಗೆ ತೆರೆದು ಒಂದು ಕರಿ ಗುಂಡಿಯನ್ನು ಆಚೆಗೆ ದಬ್ಬಿದ. ಲೈಟು ಹಾಕದ ಅಡುಗೆಮನೆ ಮೋಡಕ್ಕೆ ಮೊದಲೇ ಕತ್ತಲಾಗಿತ್ತು. ಈಗ ದೇವರ ಗೂಡೂ ಕತ್ತಲಾಯಿತು.

"ದೀಪ ಆರಿದೆ ಅಲ್ವಾ? ಹಾಗಾದ್ರೆ ಸರಿಯಾದ ಬ್ರೇಕರ್ರೇ."

"ಬಿಡ್ತು ಅನ್ನು! ದೀಪಕ್ಕೆ ಹಾಗನ್ನಬಾರದು. ಶಾಂತವಾಯ್ತು ಅನ್ನಬೇಕು."

"ಅರ್ಧ ಗಂಟೆ ಅಮ್ಮ. ದೇವರಿಗೂ ಒಂದು ಪವರ್ ಕಟ್ ಇರಲಿ. ಮೈಸೂರಲ್ಲಿ ಅಭ್ಯಾಸ ಆಗಿರತ್ತೆ."

ಅವನು ಕರೆಂಟಿದ್ದರೆ ಕೂಗುವ ಟೆಸ್ಟರ್ ಹಿಡಿದು ಕರೆಂಟಿಲ್ಲವೆಂದು ನೋಡಿಕೊಂಡ. ಪೈಪು ಬಿಚ್ಚಿ, ಹಳೆ ಮೆಷಿನ್ನನ್ನು ತಿರುಚಿ ಕಳಚಿ, ವೈರು ಬೇರೆ ಮಾಡಿ, ಬಕೆಟ್ಟಿಗೆ ಬೋರಲು ಹಾಕಿದ. ಹುಳಿ ವಾಸನೆ ಬಂತು. ಕೆಂಪಗೆ ಕೊಳೆತ ಅನ್ನದ ಮುದ್ದೆಯೊಂದು ದೊಪ್ಪೆಂದು ಬಿತ್ತು. ಹಿಂದೆಯೇ ನಿಂಬೆಹೋಳುಗಳು.

ಪ್ರತಾಪ ಒಂದು ಹೋಳನ್ನು ಬೆರಳಲ್ಲಿ ಎತ್ತಿ ಹಿಡಿದ. "ಅಮ್ಮ, ಇದೇನು?"

ಶಕುಂತಲಮ್ಮ ಸೆರಗು ಹೊದ್ದುಕೊಂಡರು.

"ಬಾಣಂತನಕ್ಕೆ ಕರೆಸಿದ್ರೆ ದೆವ್ವಕ್ಕೆ ಊಟ ಹಾಕ್ತಾ ಇದೀಯಾ?" ಅವನು ನಕ್ಕ.

"ನಗಬೇಡ. ನಲ್ಲಿ ಮುಟ್ಟಿದ್ರೆ ಬೆರಳು ಹಿಡಿಯತ್ತೆ ಅದು. ಜುಮ್ ಅನ್ನತ್ತೆ."

ನಗು ನಿಂತಿತು. "ಎಷ್ಟು ದಿನದಿಂದ? ಹೇಳಬಾರದಿತ್ತಾ?" ಅವನು ಗೋಡೆಯಿಂದ ನೇತಾಡುತ್ತಿದ್ದ ಹಸಿರು ವೈರು ಎಳೆದು ತೋರಿಸಿದ. "ನೋಡು, ಅರ್ಥ್ ಕೊಟ್ಟೇ ಇಲ್ಲ. ನಿನ್ನನ್ನ ಹಿಡಿದಿದ್ದು ಮುದುಕಿ ಅಲ್ಲ, ಕರೆಂಟು. ತಾನಾಗಿ ತಿರುಗ್ತಿತ್ತು ಅಂದ್ರೆ ಸ್ವಿಚ್ಚಿಗೆ ನೀರು ಹೋಗಿರತ್ತೆ. ಅದನ್ನೂ ಬದಲಾಯಿಸ್ತೀನಿ."

ಇಷ್ಟು ಹೇಳಿ ಸಿಂಕಿನ ಕೆಳಗೆ ತೂರಿಕೊಂಡ. ಗರಾಜಿನ ಪೆಟ್ಟಿಗೆ ಮುಟ್ಟಬೇಡ ಅನ್ನುವುದೊಂದನ್ನು ಹೇಳಲಿಲ್ಲ.

ಶಕುಂತಲಮ್ಮನಿಗೆ ನಂಬಿಕೆ ಬರಲಿಲ್ಲ. ಮಗನ ಹತ್ತಿರ ಎಲ್ಲಕ್ಕೂ ಉತ್ತರವಿರುತ್ತಿತ್ತು, ಅಪ್ಪನಂತೆಯೇ. ಮೆಷಿನ್ ಹೋದ ಮೇಲೆ ಸಿಂಕಿನ ತೂತು ಇನ್ನೂ ದೊಡ್ಡದಾಗಿ, ಇನ್ನೂ ಕಪ್ಪಗೆ ಕಾಣುತ್ತಿತ್ತು. ಕಟ್ಟಿ ಹಾಕಿದ್ದು ಈಗ ಬಿಚ್ಚಿಕೊಂಡಿದೆ. ದೀಪವೂ ಇಲ್ಲ. ಕೆಳಗೆ ಮಗ ಮಲಗಿದ್ದಾನೆ, ರೂಮಿನಲ್ಲಿ ಬಸುರಿ.

ಮೆಷಿನ್ನಿಗೆ ಗೋಡೆಯ ಮೇಲೆ ಅದರದೇ ಸ್ವಿಚ್ ಇದೆಯಲ್ಲ. ಅದನ್ನು ಆರಿಸಿ ಗರಾಜಿನ ಗುಂಡಿ ಎಳೆದರೆ ಮಗನಿಗೆ ತೊಂದರೆಯಿಲ್ಲ, ದೀಪವೂ ಹತ್ತುತ್ತದೆ. ಸ್ವಿಚ್ ಕೆಳಗಿತ್ತು. ಶಕುಂತಲಮ್ಮ ಅದನ್ನು ಮೇಲಕ್ಕೆ ತಳ್ಳಿದರು. ಕೆಳಗಿದ್ದರೆ ಹಾಕಿದೆ, ಮೇಲಿದ್ದರೆ ಆರಿದೆ ಎಂದು ಜನ್ಮವಿಡೀ ಮೈಸೂರಿನಲ್ಲಿ ಕಲಿತ ಕೈ ಅದು. ಆಮೇಲೆ ಗರಾಜಿಗೆ ನಡೆದರು. ಪೆಟ್ಟಿಗೆಯಲ್ಲಿ ಒಂದೇ ಒಂದು ಗುಂಡಿ ಉಳಿದವಕ್ಕೆ ಬೆನ್ನು ಹಾಕಿ ಮಲಗಿತ್ತು. ಅದನ್ನು ಈಚೆಗೆ ಎಳೆದರು.

ಬಂದು ನೋಡಿದರೆ ಗೂಡಿನಲ್ಲಿ ಕೆಂಪು ಬೆಳಕು. ಕೈ ಮುಗಿದರು. ಮನೆ ಎಷ್ಟು ನಿಶ್ಶಬ್ದವಾಗಿತ್ತೆಂದರೆ ಮಗನ ಉಸಿರು ಕೇಳುತ್ತಿತ್ತು. ಆ ಉಸಿರಿನ ಜೊತೆಗೆ ಇನ್ನೊಂದು ಸಣ್ಣ ಸದ್ದಿತ್ತು, ಗೋಡೆಯೊಳಗೆ ಯಾರೋ ಹಲ್ಲು ಬಿಗಿದುಕೊಂಡು ಗುನುಗುತ್ತಿರುವ ಹಾಗೆ.

ಶ್ರೀವಿದ್ಯಾ ಸೊಂಟಕ್ಕೆ ಕೈ ಕೊಟ್ಟು ನೀರಿಗೆಂದು ಬಂದಳು. ಗೂಡಿನ ಕಡೆ ನೋಡಿದಳು. ಲೋಟ ಕೈಯಿಂದ ಬಿತ್ತು.

"ಪ್ರತಾಪ್! ದೀಪ ಉರೀತಿದೆ! ಕೈ ತೆಗಿ!"

ಅವನು ವೈರು ಕೈಬಿಟ್ಟ. ಅದು ಜೋಲಿ ಹೊಡೆದು ಸಿಂಕಿನ ತಳಕ್ಕೆ ತಾಗಿತು. ಠಪ್! ನೀಲಿ ಬೆಳಕು ಅಡುಗೆಮನೆಯನ್ನೆಲ್ಲ ಒಮ್ಮೆ ತೋರಿಸಿ ನುಂಗಿತು. ದೇವರ ದೀಪವೂ ಹೋಯಿತು. ಸುಟ್ಟ ವಾಸನೆ. ಕತ್ತಲಲ್ಲಿ ಕಾಣುತ್ತಿದ್ದುದು ಪ್ರತಾಪನ ಎರಡು ಬಿಳಿ ಪಾದಗಳು. ಅವು ಅಲುಗಲಿಲ್ಲ.

"ಪ್ರತಾಪ," ಎಂದರು ಶಕುಂತಲಮ್ಮ.

ಹೆಬ್ಬೆರಳು ಅಲುಗಿತು. ಅವನು ತೆವಳಿಕೊಂಡು ಹೊರಗೆ ಬಂದು ಕುಳಿತ. "ಯಾರು ಹಾಕಿದ್ದು?"

"ನಾನೇ ಕಣೋ. ಸ್ವಿಚ್ ಆರಿಸಿಯೇ ಹೋದೆ."

ಶ್ರೀವಿದ್ಯಾ ಗೋಡೆ ನೋಡಿದಳು. "ಅತ್ತೆ, ಇಲ್ಲಿ ಮೇಲೆ ಅಂದ್ರೆ ಆನ್."

"ಒಂದು ಬಲ್ಬಿಗೋಸ್ಕರ..." ಎಂದು ಪ್ರತಾಪ ಕೂಗಿದ. "ಸತ್ತೇ ಹೋಗ್ತಿದ್ದೆ ಅಮ್ಮ!"

"ಕೂಗಬೇಡ," ಎಂದಳು ಶ್ರೀವಿದ್ಯಾ. "ನನಗೂ ಜುಮ್ ಅಂದಿತ್ತು, ಹೇಳಿದ್ದೆ. 'ಆಮೇಲೆ ನೋಡೋಣ' ಅಂದೆ ನೀನು. ಅತ್ತೆ ಹೆದರಿದ್ದಕ್ಕೆ ನೀನು ನಕ್ಕಿದ್ದು ರೂಮಿಗೂ ಕೇಳಿಸ್ತು. ಪೆಟ್ಟಿಗೆ ಮುಟ್ಟಬೇಡಿ ಅಂತ ಒಂದು ಮಾತು ಹೇಳಿದ್ಯಾ?"

ಹೊರಗೆ ಮೊದಲ ಆಲಿಕಲ್ಲು ಸೂರಿಗೆ ಬಡಿಯಿತು. ಶಕುಂತಲಮ್ಮ ಬಕೆಟ್ಟಿನಲ್ಲಿದ್ದ ಕೆಂಪು ಅನ್ನವನ್ನು ನೋಡುತ್ತಿದ್ದರು. ತಾವು ದಿನವೂ ಯಾರಿಗೆ ಉಣಬಡಿಸಿದ್ದು? ಆ ತೂತಿನೊಳಗೆ ಯಾರೂ ಇರಲಿಲ್ಲ. ಗರಾಜಿಗೆ ಹೋಗಿ ಬಂದದ್ದು ತಾವೊಬ್ಬರೇ.

"ಯಾವುದು ಅಂತ ತೋರಿಸು ಬಾ," ಎಂದರು.

ಮಗ ತೋರಿಸಿದ ಗುಂಡಿಯನ್ನು ಅವರೇ ಕೊನೆಯವರೆಗೂ ದಬ್ಬಿದರು. ಯಾರೂ ಮತ್ತೆ ಎಳೆಯದಂತೆ ಮೇಲೆ ಟೇಪು ಅಂಟಿಸಿದರು. ಒಳಗೆ ಬಂದು ಗೋಡೆಯ ಸ್ವಿಚ್ಚನ್ನು, ಒಮ್ಮೆ ಸೊಸೆಯ ಮುಖ ನೋಡಿ, ಕೆಳಗೆ ಒತ್ತಿದರು.

ಪ್ರತಾಪ ವೈರಿಗೆ ಟೆಸ್ಟರ್ ಹಿಡಿದ. ಸದ್ದಿಲ್ಲ. ಆದರೂ ಅವನ ಕೈ ಮುಂದೆ ಹೋಗದು. ಮಗುವಾಗಿದ್ದಾಗ ಕತ್ತಲೆಯ ಬಚ್ಚಲಿಗೆ ಹೋಗಲು ಹೆದರಿ ನಿಲ್ಲುತ್ತಿದ್ದಂತೆ ಅಮ್ಮನ ಕಡೆ ತಿರುಗಿದ.

ಶಕುಂತಲಮ್ಮ ದೇವರ ಗೂಡಿನ ಬಾಗಿಲನ್ನು ಪೂರ್ತಿ ತೆರೆದರು. ಬಗ್ಗಿ, ಬಲ್ಬಿಗೆ ಅಂಗೈ ಮರೆ ಮಾಡಿ ನೋಡಿದರು. ಮುಟ್ಟಿಯೂ ನೋಡಿದರು.

"ದೀಪ ಆರಿದೆ ಮಗ," ಎಂದರು. "ಈಗ ಕೈ ಹಾಕು."