ಲವಂಗದ ಅಂಟು

ಆ ಮನೆಯ ಊಟದ ಮೇಜಿನ ಮೇಲೆ ಯಾರಾದರೂ ಊಟ ಮಾಡಿ ಎಷ್ಟು ಕಾಲವಾಯಿತೋ ದೇವರಿಗೇ ಗೊತ್ತು. ಮೇಜಿನ ತುಂಬ ಬಣ್ಣದ ಕಾಗದ, ಕತ್ತರಿ, ದಾರದ ಉಂಡೆ, ದಪ್ಪ ಪುಸ್ತಕಗಳ ನಡುವೆ ಒತ್ತಿಟ್ಟ ಹೂಗಳು. ಮನೆಯವರು ಅಡುಗೆಮನೆಯ ಕಟ್ಟೆಗೆ ಒರಗಿಕೊಂಡು, ತಟ್ಟೆ ಕೈಯಲ್ಲಿ ಹಿಡಿದು ಉಣ್ಣುತ್ತಿದ್ದರು. ನೆಂಟರು ಯಾರಾದರೂ ಬಂದು ಮರೆತು ಮೇಜಿನ ಮೇಲೆ ಕಾಫಿ ಲೋಟ ಇಟ್ಟರೆ ಅತ್ತೆ, ಸೊಸೆ ಇಬ್ಬರೂ ಒಟ್ಟಿಗೇ "ಅಯ್ಯೋ!" ಎನ್ನುತ್ತಿದ್ದರು. ಬೇರೆ ಯಾವ ವಿಷಯದಲ್ಲೂ ಅವರಿಬ್ಬರ ಬಾಯಿಂದ ಒಂದೇ ಮಾತು ಒಟ್ಟಿಗೆ ಹೊರಟದ್ದನ್ನು ಕೇಳಿದವರಿಲ್ಲ.

ಶುಭಾಶಯದ ಕಾರ್ಡು ಮಾಡುವುದು ಅತ್ತೆಯ ಕಾಲದಿಂದ ಆ ಮನೆಗೆ ಬಂದ ಕಸುಬು. ಹುಟ್ಟುಹಬ್ಬಕ್ಕೆ, ಮದುವೆಗೆ, ನಿವೃತ್ತಿಗೆ ಕಾರ್ಡು. ಮಗುವಿನ ಮೊದಲ ಹಲ್ಲು, ಮೊದಲ ಕೂದಲು ಜೋಪಾನ ಮಾಡಲು ಕಾಗದದ ಪುಟ್ಟ ಪೆಟ್ಟಿಗೆ. ಸೊಸೆ ಕತ್ತರಿಸುತ್ತಾಳೆ, ಅತ್ತೆ ಅಂಟಿಸುತ್ತಾರೆ. ಬೀದಿಯವರ ಬಾಯಲ್ಲಿ ಅತ್ತೆ ಅಂಟಜ್ಜಿ, ಸೊಸೆ ಕತ್ತರಿ. ಎಲೆಕ್ಟ್ರಿಷಿಯನ್ ಆಗಿದ್ದ ಮಗ ಮಾತ್ರ, "ನಮ್ಮನೇಲಿ ಒಬ್ಬರು ಕತ್ತರಿಸಿದ್ದನ್ನ ಇನ್ನೊಬ್ಬರು ಅಂಟಿಸಿಬಿಡ್ತಾರೆ. ನಾನು ಬಚಾವ್" ಎಂದು ಹೋದಲ್ಲೆಲ್ಲ ಹೇಳಿಕೊಂಡು ಬರುತ್ತಿದ್ದ.

ಅಂಟು ಅಂದರೆ ಅಂಗಡಿಯದ್ದಲ್ಲ. ದಿನಾ ಬೆಳಿಗ್ಗೆ ಅತ್ತೆ ತಾವೇ ಪುಟ್ಟ ಪಾತ್ರೆಯಲ್ಲಿ ಮೈದಾ ಹಿಟ್ಟು ಕದಡಿ, ಸಣ್ಣ ಉರಿಯಲ್ಲಿ ಗೊಟಾಯಿಸಿ, ಹುಳ ಬೀಳದಿರಲೆಂದು ಕುಟ್ಟಿದ ಲವಂಗ ಬೆರೆಸುತ್ತಿದ್ದರು. ಅವತ್ತಿಗೆ ಬೇಕಾದಷ್ಟೇ. ಮಧ್ಯಾಹ್ನದ ಹೊತ್ತಿಗೆ ಮುಗಿಯಬೇಕು, ಪಾತ್ರೆ ತೊಳೆದು ಬೋರಲು ಹಾಕಬೇಕು. ಆ ಪಾತ್ರೆಯ ಹತ್ತಿರ ಬೇರೆಯವರು ಸುಳಿಯುವಂತಿರಲಿಲ್ಲ. ಸೊಸೆಯ ಡ್ರಾಯರಿನಲ್ಲಿ ಒಂದು ಗಮ್ ಬಾಟಲಿ ಇತ್ತು, ಅಪರೂಪಕ್ಕೆ ಇರಲಿ ಅಂತ. ಅದರ ಹೆಸರೆತ್ತಿದರೆ ಅತ್ತೆ ಮೂಗು ಮುರಿಯುತ್ತಿದ್ದರು.

ಅಂಟಿಸುವುದರಲ್ಲೂ ಅವರದ್ದೇ ಒಂದು ಕ್ರಮ. ಹೂವಿನ ಎಸಳುಗಳನ್ನು ಸುತ್ತಲೂ ಜೋಡಿಸುತ್ತ ಬಂದು, ಕೊನೆಯ ಎಸಳನ್ನು ಮೊದಲನೆಯದರ ಅಡಿಗೆ ತೂರಿಸುವರು. "ಹೂವು ಎಲ್ಲಿ ಶುರುವಾಯ್ತು, ಎಲ್ಲಿ ಮುಗೀತು ಅಂತ ಗೊತ್ತಾಗಬಾರದು" ಎನ್ನುವರು. ಆಮೇಲೆ ಕಾರ್ಡನ್ನು ಮೂಗಿನ ಹತ್ತಿರ ಹಿಡಿದು ಮೂಸುವರು. ಹಸಿ ಇದ್ದರೆ ಹಿಟ್ಟಿನ ವಾಸನೆ. ಒಣಗಿದ್ದರೆ ಬರೀ ಲವಂಗ. ಅತ್ತೆ ಮೂಸಿ ತಲೆಯಾಡಿಸದ ಹೊರತು ಒಂದು ಕಾರ್ಡೂ ಆ ಮನೆಯ ಹೊಸಿಲು ದಾಟುತ್ತಿರಲಿಲ್ಲ.

ಮೇಜಿನ ಎದುರಿನ ಗೋಡೆಗೆ ಒಂದು ಕಾರ್ಡು ಕಟ್ಟು ಹಾಕಿಸಿಕೊಂಡು ನೇತಾಡುತ್ತಿತ್ತು. ನೇರಳೆ ಬಣ್ಣದ ಒಂದೇ ಹೂವು. ಸೊಸೆ ಈ ಮನೆಗೆ ಹೊಸದಾಗಿ ಬಂದಾಗ, ಆಗಿನ್ನೂ ಕತ್ತರಿ, ಅಂಟು ಎರಡೂ ತಾನೇ ಹಿಡಿಯುತ್ತಿದ್ದಾಗ, ಫೋಟೋ ಸ್ಟುಡಿಯೋದವರಿಗೆ ಮಾಡಿದ ಕಾರ್ಡುಗಳಲ್ಲಿ ಅದೊಂದು. ಸ್ಟುಡಿಯೋದವರು ಬಾಯ್ತುಂಬ ಹೊಗಳಿದ್ದರು. ಅತ್ತೆ ಒಂದನ್ನು ಎತ್ತಿಟ್ಟುಕೊಂಡು ಅವರ ಕೈಲೇ ಕಟ್ಟು ಹಾಕಿಸಿದ್ದರು. ಕೆಲಸ ಬೇಸರವಾದಾಗಲೆಲ್ಲ ಸೊಸೆ ಅದನ್ನೊಮ್ಮೆ ತಲೆಯೆತ್ತಿ ನೋಡುವಳು. ಬೆನ್ನು ತಾನಾಗಿ ನೆಟ್ಟಗಾಗುತ್ತಿತ್ತು.

ಹೀಗಿರುವಾಗ ಒಂದು ದಿನ, ಬೇಕರಿಯವರ ಮದುವೆಯ ವಾರ್ಷಿಕೋತ್ಸವದ ಕಾರ್ಡಿನಲ್ಲಿ ಎರಡು ಹಕ್ಕಿಗಳು ಕೊಕ್ಕಿಗೆ ಕೊಕ್ಕು ಕೊಡುವ ಬದಲು ಬೆನ್ನಿಗೆ ಬೆನ್ನು ಹಾಕಿ ಕೂತಿದ್ದವು. ಗಂಡ ಹೆಂಡತಿ ಜಗಳವಾಡಿ ಮುಖ ತಿರುಗಿಸಿದ ಹಾಗೆ. ಸೊಸೆ ನಗಬೇಕೆಂದು ಬಾಯಿ ತೆರೆದವಳು ಅತ್ತೆಯ ಮುಖ ನೋಡಿ ಸುಮ್ಮನಾದಳು. ಅವರು ಅದೇ ಹಕ್ಕಿಗಳನ್ನು ನೋಡುತ್ತ ತೃಪ್ತಿಯಿಂದ ತಲೆಯಾಡಿಸುತ್ತಿದ್ದರು.

ಮರುದಿನ ಒಂದು ಎಸಳು ಹೂವಿನಿಂದ ದೂರ ಬಿತ್ತು. ಆಮೇಲೊಂದು ಚಿಟ್ಟೆಗೆ ರೆಕ್ಕೆ ಸೊಟ್ಟಗಾಯಿತು. "ಈ ಬಲ್ಬು ಸರಿಯಿಲ್ಲ ಕಣೋ" ಎಂದು ಅತ್ತೆ ಮಗನಿಗೆ ಹೇಳಿದರು. ಅವನು ಬಲ್ಬು ಬದಲಿಸಿದ. ಮತ್ತೆ ಹೇಳಿದರು, ಮತ್ತೆ ಬದಲಿಸಿದ. ಮೇಜಿನ ಮೇಲೆ ಈಗ ಎಂಥ ಬೆಳಕು ಬೀಳುತ್ತಿತ್ತೆಂದರೆ, ಎದುರುಮನೆಯವರು ಬಂದು "ಏನು, ಒಳಗೆ ಆಪರೇಷನ್ ಮಾಡ್ತಿದ್ದೀರಾ?" ಎಂದು ಕೇಳಿ ಹೋದರು. ಕಣ್ಣಿನ ಡಾಕ್ಟರ ಹತ್ತಿರ ಅತ್ತೆ ಒಬ್ಬರೇ ಹೋಗಿಬಂದರು. "ಏನಂದ್ರು ಅತ್ತೆ?" ಎಂದರೆ, "ಏನನ್ನೋದು, ಎಲ್ಲಾ ಸರಿಯಿದೆ ಅಂದ್ರು" ಎಂದು ಚಪ್ಪಲಿ ಬಿಟ್ಟು ನೇರ ಮೇಜಿಗೆ ಹೋಗಿ ಕೂತರು.

ಅಂಟಿಸುವುದು ಅತ್ತೆಗೆ ಬರೀ ಕೆಲಸವಾಗಿರಲಿಲ್ಲ. ಮಾವ ತೀರಿಕೊಂಡ ದುಃಖದಲ್ಲಿ ಮನೆಯವರು ಮೂಲೆಗೊಬ್ಬರಂತೆ ಕೂತಿದ್ದಾಗ, ಮೊದಲು ಎದ್ದು ಅಂಟು ಕಾಯಿಸಿದವರು ಅವರು. ಆ ಮೇಜಿನ ಮುಂದೆ ಕೂತರೆ ಅತ್ತೆ ಅತ್ತೆಯಾಗಿರುತ್ತಿದ್ದರು. ಅಲ್ಲಿಂದ ಎಬ್ಬಿಸಿದರೆ ಏನಾಗುವರೋ ಎಂದು ನೆನೆಸಿಕೊಳ್ಳಲೂ ಸೊಸೆಗೆ ಹೆದರಿಕೆಯಾಗುತ್ತಿತ್ತು.

"ಹೇಳಿಬಿಡೋದು ಒಳ್ಳೇದು ಕಣೇ" ಎಂದ ಗಂಡ.

"ಹೇಳಿದ್ರೆ ಮೇಜು ಬಿಟ್ಟು ಎದ್ದುಬಿಡ್ತಾರೆ ರೀ. ಆಮೇಲೆ ಯಾರು ಕೂರಿಸ್ತಾರೆ? ನೀವು ಕೂರಿಸ್ತೀರಾ?"

ಅವನು ಇನ್ನೊಂದು ಬಲ್ಬು ತರುತ್ತೇನೆಂದು ಎದ್ದುಹೋದ.

ಅಂದಿನಿಂದ ಸೊಸೆ ಒಂದು ಕಳ್ಳ ಕೆಲಸ ಶುರುಮಾಡಿದಳು. ಅತ್ತೆ ಕಾರ್ಡುಗಳನ್ನು ಮೂಸಿ, ಪಾತ್ರೆ ತೊಳೆದು, ಮಧ್ಯಾಹ್ನ ಮಲಗಿದ ಮೇಲೆ ಇವಳು ನೀರು ಕುದಿಸುವಳು. ಸೊಟ್ಟಗೆ ಕೂತದ್ದನ್ನು ಆವಿಗೆ ಹಿಡಿದು ಮೆಲ್ಲಗೆ ಬಿಡಿಸಿ, ನೆಟ್ಟಗೆ ಅಂಟಿಸುವಳು. ಲವಂಗದ ಅಂಟು ಕಾಯಿಸಿದರೆ ಮನೆಯೆಲ್ಲ ಘಮ್ಮೆಂದು ಅತ್ತೆ ಎದ್ದು ಕೂತಾರು. ಹಾಗಾಗಿ ಡ್ರಾಯರಿನ ಬಾಟಲಿಯೇ ಗತಿ. ಅತ್ತೆ ಏಳುವ ಹೊತ್ತಿಗೆ ಕಾರ್ಡುಗಳು ಡಬ್ಬಿ ಸೇರಿ, ಇವಳು ಏನೂ ಅರಿಯದವಳಂತೆ ಕಾಗದ ಕತ್ತರಿಸುತ್ತ ಕೂತಿರುವಳು.

ಆಗ ಬಂತು ಹೆರಿಗೆ ಆಸ್ಪತ್ರೆಯ ಕೆಲಸ. ಅಲ್ಲಿಯ ಹಿರಿಯ ನರ್ಸ್ ನಿವೃತ್ತರಾಗುವವರಿದ್ದರು. ಬೀದಿಯ ಅರ್ಧ ಮಕ್ಕಳು ಅವರ ಕೈಯಲ್ಲೇ ಹುಟ್ಟಿದವರು. ಜೊತೆಯ ನರ್ಸುಗಳೆಲ್ಲ ಸೇರಿ ಒಂದು ದೊಡ್ಡ ಮಡಚುವ ಕಾರ್ಡು ಕೇಳಿದರು. ಬಿಚ್ಚಿದರೆ ಮೇಜಿನುದ್ದ ಬಿಚ್ಚಿಕೊಳ್ಳಬೇಕು, ಅದರ ತುಂಬ ಎಳೆ ಮಕ್ಕಳ ಪುಟ್ಟ ಪಾದಗಳ ಜೋಡಿ ನಡೆಯುತ್ತಿರಬೇಕು. ಸೊಸೆ ಬೆರಳ ಉಗುರಿನಷ್ಟು ಪಾದಗಳನ್ನು ಬೆರಳು ಸಮೇತ ಕತ್ತರಿಸಿ ಕೊಟ್ಟಳು. ಅತ್ತೆ ಇಡೀ ಬೆಳಿಗ್ಗೆ ಬಗ್ಗಿಸಿದ ತಲೆ ಎತ್ತದೆ ಅಂಟಿಸಿದರು, ಮೂಸಿದರು, "ಆಯ್ತು" ಎಂದು ಹೋಗಿ ಮಲಗಿದರು.

ಸೊಸೆ ಬಿಚ್ಚಿ ನೋಡಿದಳು. ಒಂದು ಮಗುವಿಗೆ ಎರಡೂ ಎಡಗಾಲು. ಪಕ್ಕದ ಮಗುವಿಗೆ ಎರಡೂ ಬಲಗಾಲು. ಇನ್ನೊಂದು ಮಗು ಹಿಂದೆ ಮುಂದೆ ಎರಡೂ ಕಡೆಗೆ ಹೊರಟಿತ್ತು. ನಗುವೂ ಬಂತು, ಕಣ್ಣಲ್ಲಿ ನೀರೂ ಬಂತು. ಕಣ್ಣೊರೆಸಿಕೊಂಡು ಕೆಟಲ್ ಒಲೆಯ ಮೇಲಿಟ್ಟಳು.

ಕೊನೆಯ ಪಾದ ಅಂಟಿಸಿ ಬಾಟಲಿ ಡ್ರಾಯರಿಗೆ ಸೇರಿಸುವುದಕ್ಕೂ ಬಾಗಿಲು ತಟ್ಟಿದ ಸದ್ದಾಗುವುದಕ್ಕೂ ಸರಿಹೋಯಿತು. ಹೇಳಿದ ಹೊತ್ತಿಗಿಂತ ಮುಂಚೆಯೇ ಕಿರಿಯ ನರ್ಸೊಬ್ಬಳು ಕಾರ್ಡು ಒಯ್ಯಲು ಬಂದು ನಿಂತಿದ್ದಳು. ಮಾತಿನ ಸದ್ದಿಗೆ ಅತ್ತೆಯೂ ಎದ್ದು ಬಂದರು.

"ತಡಿ, ದೊಡ್ಡ ಕೆಲಸ. ಇನ್ನೊಂದು ಸಲ ಮೂಸಿಬಿಡ್ತೀನಿ" ಎಂದರು.

"ಬೇಡ ಅತ್ತೆ, ನೀವು ಬೆಳಿಗ್ಗೇನೇ ನೋಡಿದ್ರಲ್ಲ" ಎಂದು ಸೊಸೆ ಮುಂದೆ ಬಂದಳು. ಅಷ್ಟರಲ್ಲಿ ಕಾರ್ಡು ಅತ್ತೆಯ ಕೈಯಲ್ಲಿತ್ತು.

ಅತ್ತೆ ಮೂಸಿದರು. ಸ್ವಲ್ಪ ನಿಂತು ಮತ್ತೆ ಮೂಸಿದರು. ಬೆರಳಿನಿಂದ ಒಂದೊಂದೇ ಪಾದವನ್ನು ಸವರಿದರು. ಆಮೇಲೆ ಪಕ್ಕದ ಡಬ್ಬಿಗೆ ಕೈಹಾಕಿ, ಹಿಂದಿನ ದಿನ ಮುಗಿಸಿಟ್ಟ ಇನ್ನೊಂದು ಕಾರ್ಡು ತೆಗೆದು ಅದನ್ನೂ ಮೂಸಿದರು.

"ಅಂಟಜ್ಜೀ, ನೀವು ಮೂಗಲ್ಲೇ ಓದ್ತೀರಾ?" ಎಂದು ನರ್ಸ್ ನಕ್ಕಳು.

"ಹೂಂ ಮಗಾ" ಎಂದು ಅತ್ತೆಯೂ ನಕ್ಕರು. "ಚೆನ್ನಾಗಿ ಒಣಗಿದೆ. ಹುಷಾರಾಗಿ ತಗೊಂಡು ಹೋಗು. ನಿಮ್ಮ ದೊಡ್ಡ ನರ್ಸಮ್ಮಂಗೆ ನಾನು ಕೇಳ್ದೆ ಅಂತ ಹೇಳು."

ಅವಳು ಹೋದ ಮೇಲೆ ಅತ್ತೆ ಕಾರ್ಡಿನ ಸುದ್ದಿಯನ್ನೇ ಎತ್ತಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು, ತಟ್ಟೆ ಕುಕ್ಕಿದ್ದರೂ ಚೆನ್ನಾಗಿತ್ತು. ರಾತ್ರಿ ಊಟ ಮಾಡಿದರು, "ಉಪ್ಪು ಸರಿಯಾಗಿದೆ" ಎಂದರು, ಹೋಗಿ ಮಲಗಿದರು.

ಮರುದಿನ ಸೊಸೆ ಎದ್ದಾಗ ಮನೆಯಲ್ಲಿ ಏನೋ ಇಲ್ಲವೆನ್ನಿಸಿತು. ಏನೆಂದು ತಿಳಿಯಲು ಸ್ವಲ್ಪ ಹೊತ್ತು ಬೇಕಾಯಿತು. ಲವಂಗದ ಘಮ ಇರಲಿಲ್ಲ. ಪಾತ್ರೆ ಬೋರಲು ಹಾಕಿದಲ್ಲೇ ಇತ್ತು. ಅತ್ತೆ ಕಿಟಕಿಯ ಹತ್ತಿರ ಕುರ್ಚಿ ಎಳೆದುಕೊಂಡು, ಮೇಜಿಗೆ ಬೆನ್ನು ಹಾಕಿ ಕೂತಿದ್ದರು.

"ಅಂಟು ಕಾಯಿಸ್ಲಿಲ್ವಾ ಅತ್ತೆ?"

"ಕೈ ನೋವು. ನಿನ್ನ ಹತ್ರ ಬಾಟಲಿ ಇದೆಯಲ್ಲ."

ಮಗ ನಡುವೆ ಬಂದು, "ಅಮ್ಮಾ, ಹೊಸ ಬಲ್ಬು..." ಎಂದು ಶುರುಮಾಡಿದವನು ಹೆಂಡತಿಯ ಕಣ್ಣು ನೋಡಿ, ಚೀಲ ಹೆಗಲಿಗೇರಿಸಿ ಕೆಲಸಕ್ಕೆ ಹೊರಟುಬಿಟ್ಟ. ಅಂಥ ಹೊತ್ತಿನಲ್ಲಿ ಜಾಗ ಖಾಲಿ ಮಾಡುವ ಬುದ್ಧಿ ಅವನಿಗೆ ಚೆನ್ನಾಗಿತ್ತು.

ಸೊಸೆಗೆ ಏನು ಮಾಡಬೇಕೆಂದು ತೋಚಲಿಲ್ಲ. ತೋಚದೆ ಒಲೆ ಹಚ್ಚಿ, ಯಾವತ್ತೂ ಮುಟ್ಟದ ಆ ಪಾತ್ರೆ ಮುಟ್ಟಿದಳು. ಹಿಟ್ಟು ಗಂಟುಗಂಟಾಯಿತು. ಉರಿ ಜಾಸ್ತಿಯಾಗಿ ತಳ ಹಿಡಿಯಿತು. ಲವಂಗವನ್ನು ಕುಟ್ಟುವುದು ಮರೆತು ಇಡೀ ಲವಂಗವನ್ನೇ ಸುರಿದಳು. ಆ ಪಾತ್ರೆಯನ್ನೇ ತಂದು ಅತ್ತೆಯ ಮುಂದೆ ಇಟ್ಟು, ನೆಲದ ಮೇಲೆ ಕೂತಳು.

"ನಾನೇ ಮಾಡಿದ್ದು ಅತ್ತೆ. ನೀವು ಮಲಗಿದಾಗ ಕಿತ್ತು ಕಿತ್ತು ಅಂಟಿಸ್ತಿದ್ದೆ. ನಿಮಗೆ ನೋವಾಗಬಾರದು ಅಂತ. ನೀವು ಮೇಜು ಬಿಟ್ಟು ಏಳಬಾರದು ಅಂತ. ನನಗೆ ಬೇರೆ ದಾರಿ ಗೊತ್ತಾಗ್ಲಿಲ್ಲ."

ಅತ್ತೆ ಪಾತ್ರೆಯ ಕಡೆ ಬಗ್ಗಿ ಮೂಸಿ ಮುಖ ಕಿವುಚಿದರು.

"ಡಾಕ್ಟರು ಎಲ್ಲಾ ಸರಿಯಿದೆ ಅನ್ಲಿಲ್ಲ" ಎಂದರು. "ಕಣ್ಣಿನ ನಡುಭಾಗ ಸವೆದಿದೆಯಂತೆ. ಕನ್ನಡಕಕ್ಕೂ ಬಗ್ಗಲ್ವಂತೆ. ನಿನ್ನ ಕಿವಿ ಕಾಣತ್ತೆ, ಕೂದಲು ಕಾಣತ್ತೆ. ಮುಖ ಇರೋ ಕಡೆ ಮಸುಕು. ಹೇಳಿದ್ರೆ ನೀವೆಲ್ಲ ನನ್ನ ಕೂರಿಸಿ ಉಣ್ಣಿಸೋಕೆ ಶುರುಮಾಡ್ತೀರಾ ಅಂತ ನಾನೂ ಬಾಯಿ ಬಿಡ್ಲಿಲ್ಲ."

ಸೊಸೆ ಅವರ ಕೈ ಹಿಡಿದುಕೊಂಡಳು. ಅವರು ಬಿಡಿಸಿಕೊಳ್ಳಲಿಲ್ಲ.

"ಆದ್ರೆ ನನಗೆ ಕೋಪ ಬಂದಿದ್ದು ನೀನು ಕಿತ್ತು ಅಂಟಿಸಿದ್ದಕ್ಕಲ್ಲ ಕಣೇ."

"ಮತ್ತೆ?"

"ಆ ಬಾಟಲಿ ಅಂಟಿಗೆ. ಮಾಡೋದು ಮಾಡ್ದೆ, ನೆಟ್ಟಗೆ ಮಾಡಬಾರದಿತ್ತಾ? ನಿನ್ನ ಕಾರ್ಡು ನಾನು ಒಂದು ವರ್ಷ ಪೂರ್ತಿ ಕಿತ್ತು ಅಂಟಿಸಿದೆ. ನಿನಗೆ ಒಂದು ದಿನಾನಾದ್ರೂ ವಾಸನೆ ಬಂತಾ?"

ಸೊಸೆ ಬಾಯಿ ಬಿಟ್ಟುಕೊಂಡು ನೋಡಿದಳು.

"ನನ್ನ ಕಾರ್ಡಾ? ಯಾವಾಗ?"

"ನೀನು ಬಂದ ಹೊಸತರಲ್ಲಿ. ನಿನ್ನ ಕತ್ತರಿ ಚೆನ್ನಾಗಿತ್ತು, ಸುಳ್ಳು ಹೇಳಬಾರದು. ಅಂಟಿಸೋದು ಮಾತ್ರ ದೇವರಿಗೇ ಪ್ರೀತಿ. ಎಸಳೆಲ್ಲ ಬಿಸಿಲಿಗೆ ಬಿದ್ದ ಹಪ್ಪಳದ ಹಾಗೆ ಎದ್ದು ನಿಂತಿರೋದು. ನೀನು ಸ್ನಾನಕ್ಕೆ ಹೋದಾಗ, ಅಂಗಡಿಗೆ ಹೋದಾಗ ಕಿತ್ತು ಸರಿಮಾಡ್ತಿದ್ದೆ. ಆಗ ನೀನು ಲವಂಗದ ವಾಸನೆಗೆ ತಲೆನೋವು ಅಂತ ತವರಿಂದ ತಂದ ಬಾಟಲಿ ಹಿಡ್ಕೊಂಡು ಕೂರ್ತಿದ್ಯಲ್ಲ? ನಾನೂ ಅದೇ ಬಾಟಲೀದೇ ಹಾಕ್ತಿದ್ದೆ, ಮೂಗಿಗೆ ಬಟ್ಟೆ ಕಟ್ಕೊಂಡು. ನಿನಗೆ ಗೊತ್ತಾಗಬಾರದು ಅಂತ. ಆಮೇಲೆ ಒಂದು ದಿನ, 'ನೀನು ಕತ್ತರಿ ಹಿಡಿ, ಅಂಟು ನನಗಿರಲಿ' ಅಂದೆ. ನೆನಪಿದೆಯಾ?"

ಯಾಕಿಲ್ಲ. ತನ್ನ ಕತ್ತರಿಯ ಕೈಚಳಕಕ್ಕೆ ಅತ್ತೆ ಮಾರುಹೋದರೆಂದು ಅವತ್ತು ಸೊಸೆ ತವರಿಗೆ ಫೋನು ಮಾಡಿ ಹೇಳಿಕೊಂಡಿದ್ದಳು.

"ಗೋಡೆ ಮೇಲಿರೋದು?" ಎಂದಳು. ದನಿ ಸಣ್ಣದಾಗಿತ್ತು. "ಅದಾದ್ರೂ ನಂದೇ ತಾನೇ ಅತ್ತೆ?"

"ನೋಡ್ಕೋ ಹೋಗು. ನಿನಗಿನ್ನೂ ಕಣ್ಣಿದೆ."

ಸೊಸೆ ಎದ್ದು ಕಟ್ಟನ್ನು ಗೋಡೆಯಿಂದ ಇಳಿಸಿದಳು. ಧೂಳೊರೆಸಿ, ಗಂಡ ಹಾಕಿದ ಆ ಪ್ರಚಂಡ ಬಲ್ಬಿನ ಕೆಳಗೆ ಹಿಡಿದಳು. ದಿನಾ ನೋಡಿದ ಹೂವು. ಎಸಳುಗಳ ಅಂಚಿನ ಕತ್ತರಿ ಅವಳದ್ದೇ. ಸುತ್ತಲೂ ಬೆರಳಾಡಿಸುತ್ತ ಬಂದಳು. ಕೊನೆಯ ಎಸಳು ಮೊದಲನೆಯದರ ಅಡಿಗೆ ನುಣ್ಣಗೆ ತೂರಿಕೊಂಡಿತ್ತು. ಎಲ್ಲಿ ಶುರುವಾಯಿತು, ಎಲ್ಲಿ ಮುಗಿಯಿತು ಗೊತ್ತಾಗುತ್ತಿರಲಿಲ್ಲ. ಇಷ್ಟು ವರ್ಷ ಕಣ್ಣ ಮುಂದೆಯೇ ನೇತಾಡುತ್ತಿದ್ದದ್ದು ತನಗೆ ಕಂಡಿರಲಿಲ್ಲವಲ್ಲ ಎಂದು ಅವಳಿಗೆ ನಾಚಿಕೆಯಾಯಿತು. ನಾಚಿಕೆಗಿಂತ ಹೆಚ್ಚಾಗಿ, ಈ ಮುದುಕಿಯ ಮೇಲೆ ಹೇಳಲಾರದಷ್ಟು ಪ್ರೀತಿ ಉಕ್ಕಿತು.

ಅವಳು ಕಟ್ಟನ್ನು ಮತ್ತೆ ಗೋಡೆಗೆ ಹಾಕಿದಳು. ಮೇಜಿನ ಮುಂದೆ ಕೂತು ಒಂದು ಹಾಳೆ ಮಡಚಿ, ಹೂವಿನ ಎಸಳು ಎಲ್ಲೆಲ್ಲಿ ಕೂರಬೇಕೋ ಅಲ್ಲಲ್ಲಿ ಹಿಂದಿನಿಂದ ಗುಂಡುಸೂಜಿ ಚುಚ್ಚತೊಡಗಿದಳು. ಮುಂದಿನಿಂದ ಸವರಿದರೆ ಸಾಸಿವೆಯ ತುದಿಯಷ್ಟು ಉಬ್ಬು ಬೆರಳಿಗೆ ಸಿಗುತ್ತಿತ್ತು. ಹಾಳೆಯನ್ನು ಕಿಟಕಿಯ ಹತ್ತಿರ ಒಯ್ದು ಅತ್ತೆಯ ಬೆರಳನ್ನು ಅದರ ಮೇಲಿಟ್ಟಳು. ಅತ್ತೆಯ ಬೆರಳು ಒಂದು ಉಬ್ಬಿನಿಂದ ಇನ್ನೊಂದಕ್ಕೆ ಮೆಲ್ಲಗೆ ನಡೆದು, ಸುತ್ತು ಮುಗಿಸಿ, ಶುರುವಾದಲ್ಲಿಗೇ ಬಂದು ನಿಂತಿತು.

"ಸೊಟ್ಟಗಾದ್ರೆ?" ಎಂದರು.

"ಆದ್ರೆ ನಾನು ಕಿತ್ತು ಅಂಟಿಸ್ತೀನಿ. ನಿಮ್ಮ ಎದುರಿಗೇ. ನಿಮ್ಮ ಅಂಟಲ್ಲೇ."

ಅತ್ತೆ ಮೊಣಕಾಲಿಗೆ ಕೈಕೊಟ್ಟು ಎದ್ದು, ಸೊಸೆ ತಳ ಹಿಡಿಸಿದ ಪಾತ್ರೆಯನ್ನು ಗೊಣಗುತ್ತ ತಿಕ್ಕಿ ತೊಳೆದು, ಹೊಸದಾಗಿ ಹಿಟ್ಟು ಕದಡಿದರು. ಲವಂಗ ಕುಟ್ಟುವ ಸದ್ದು ಕೇಳಿಸಿತು. ಮನೆ ಘಮ್ಮೆಂದಿತು. ಪಾತ್ರೆ ಹಿಡಿದು ಬಂದು ಅವರು ತಮ್ಮ ಕುರ್ಚಿಯಲ್ಲಿ ಕೂತರು.

ಮೊದಲ ಹಾಳೆಯನ್ನು ಅವರ ಮುಂದಿಟ್ಟು, ಸೊಸೆ ಬಗ್ಗಿ ಇನ್ನೊಂದಕ್ಕೆ ಸೂಜಿ ಚುಚ್ಚುತ್ತಿದ್ದಳು. ಸದ್ದು ಬಾರದ ಹಾಗೆ ತುಟಿ ಕಚ್ಚಿಕೊಂಡಿದ್ದಳು, ಆದರೂ ಒಂದು ಹನಿ ಟಪ್ಪೆಂದು ಹಾಳೆಯ ಅಂಚಿಗೆ ಬಿತ್ತು.

ಅತ್ತೆ ತಲೆಯೆತ್ತಲಿಲ್ಲ. ಬೆರಳಿನಿಂದ ಮೊದಲ ಉಬ್ಬು ಹುಡುಕುತ್ತಿದ್ದರು.

"ಅಳೋದಿದ್ರೆ ಆ ಕಡೆ ತಿರುಗಿ ಅಳು ಮಗಳೇ" ಎಂದರು. "ಕಾಗದ ನೆನೆಯತ್ತೆ."