ಎಲೆ ಬಿದ್ದವರಿಗಷ್ಟೇ ಮಾತು

ಉಸಿರೂದುವ ಹಸಿರು ಚೀಲ ಉಬ್ಬಿತು, ಕುಗ್ಗಿತು, ಮತ್ತೆ ಉಬ್ಬಿತು, ನರ್ಸಮ್ಮನ ಹೆಬ್ಬೆರಳಿನ ಉಗುರಲ್ಲಿ ಅರ್ಧ ಉದುರಿದ ಕೆಂಪು ಬಣ್ಣ, ಅವಳು ಒತ್ತಿದಾಗ ಅಪ್ಪನ ಎದೆ ಏಳುತ್ತದೆ, ಬಿಟ್ಟಾಗ ಇಳಿಯುತ್ತದೆ, ನಲವತ್ತು ವರ್ಷ ಗೊಂಬೆಯಾಟದ ಮರದ ರಾಜರ ಅಂಗಿಯೊಳಗೆ ಕೈ ತೂರಿಸಿ ಅವರಿಗೆ ಉಸಿರು ಕೊಟ್ಟವನು ಈಗ ಇನ್ನೊಬ್ಬರ ಕೈಯಲ್ಲಿ ಆಡುತ್ತಿದ್ದಾನೆ, ಹೇಳಿದ್ದರೆ ಮೊದಲು ನಗುತ್ತಿದ್ದವನು ಅವನೇ — ಆಂಬುಲೆನ್ಸು ಕುಲುಕಿತು, ಜೀವ ಹಿಂದುಳಿಯದಿರಲೆಂದು ಅಮ್ಮ ಅವನ ಪಾದ ಹಿಡಿದು ಬಾಗಿ ದಾರಿ ಹೇಳಿದಳು, ಹೊಳೆಯ ಸೇತುವೆ ಬಂತು ಕಣ್ರೀ, ದಾಟ್ತಾ ಇದ್ದೀವಿ, ಜೊತೆಗೇ ಬನ್ನಿ, ದಾರಿ ತಪ್ಪಿಸ್ಕೋಬೇಡಿ. ನಮ್ಮಲ್ಲಿ ಪ್ರಾಣ ಆಸ್ಪತ್ರೆಯಲ್ಲಿ ಹೋಗಬಾರದು, ಒಂದುಸಿರು ಇರುವಾಗಲೇ ನಡುಮನೆಗೆ ತಂದು ಮಲಗಿಸಬೇಕು, ಗಂಟಲಿನ ಕೊಳವೆಯನ್ನು ಅಲ್ಲೇ ತೆಗೆಸಬೇಕು, ತೆಗೀರಿ ಅನ್ನಬೇಕಾದವನು ಮಗ, ಮಗ ಎಲ್ಲಿ — ಮಗ ಇಲ್ಲಿದ್ದಾನೆ, ನನ್ನ ಮೊಬೈಲಿನಲ್ಲಿ, ಪೋಕರ್ ಮೇಜಿನ ಮೂರನೇ ಕುರ್ಚಿಯಲ್ಲಿ, ಮರದತಲೆ ಅನ್ನುವ ಹೆಸರಲ್ಲಿ, ಗೊಂಬೆಯ ಸಂಭಾಷಣೆ ಮರೆತಾಗಲೆಲ್ಲ ಅಪ್ಪ ಬೈಯುತ್ತಿದ್ದ ಹೆಸರು, ಬೈಗುಳವನ್ನೇ ಇಟ್ಟುಕೊಂಡಿದ್ದಾನೆ ನನ್ನ ತಮ್ಮ ಕಾಯ್‌ಜೆ. ಬೆಳಿಗ್ಗೆಯಿಂದ ಇಪ್ಪತ್ತೊಂದು ಕರೆ, ಒಂದನ್ನೂ ಎತ್ತಿಲ್ಲ, ಇಲ್ಲಿ ಮಾತ್ರ ಹೆಸರಿನ ಪಕ್ಕ ಹಸಿರು ಚುಕ್ಕೆ ಮಿನುಗುತ್ತಿದೆ, ಆಡುತ್ತಿದ್ದಾನೆ, ತೈಚುಂಗ್ ನಗರದ ಯಾವುದೋ ಬಾಡಿಗೆ ಕೋಣೆಯಲ್ಲಿ, ಬೈಕಿನಲ್ಲಿ ಹೊರಟರೆ ಒಂದು ಗಂಟೆ.

ಬರೀ ಆಟ ನೋಡುವವರು ಅಲ್ಲಿ ಬರೆದು ಮಾತಾಡುವ ಹಾಗಿಲ್ಲವಂತೆ, ಕೈಯಲ್ಲಿ ಇಸ್ಪೀಟಿನ ಎಲೆ ಇದ್ದವರಿಗಷ್ಟೇ ಮಾತು, ಸರಿ, ಕೂರುತ್ತೇನೆ, ಹೆಸರು ಕೊಡಿ, ಕೊಟ್ಟೆ, ದುಡ್ಡು ಕಟ್ಟಿ, ಕಟ್ಟಿದೆ, ಈಗಲೇ ಪಣ ಇಟ್ಟು ಆಡುವಿರಾ, ಸರದಿ ಬರುವವರೆಗೆ ಕಾಯುವಿರಾ, ಕಾಯುತ್ತೇನೆ ಎಂದು ಒತ್ತಿಬಿಟ್ಟೆ, ಬಸ್ ಸ್ಟಾಪಿನ ಬುದ್ಧಿ — ಆಮೇಲೆ ತಿಳಿಯಿತು, ಆ ಸರದಿ ಮೇಜು ಸುತ್ತಿ ಬರಬೇಕು, ಐದು ಜನ ಯೋಚಿಸಬೇಕು, ಒಬ್ಬೊಬ್ಬರ ಸುತ್ತಲೂ ಸಮಯ ಅಳೆದು ಉರಿಯುವ ಉಂಗುರ ಕರಗಬೇಕು. ಎಷ್ಟು ದೂರ, ನರ್ಸಮ್ಮ ಕೇಳುತ್ತಾಳೆ, ಡ್ರೈವರ್ ಹೇಳುತ್ತಾನೆ ಇಪ್ಪತ್ತು ನಿಮಿಷ, ಬೆಳ್ಳುಳ್ಳಿ ಲಾರಿ ಅಡ್ಡ ಬರದಿದ್ರೆ, ಚೀಲ ಉಬ್ಬಿತು, ಕುಗ್ಗಿತು.

ಎಲೆ ಬಿತ್ತು, ಎರಡು, ಏನೆಂದು ನೋಡಲೂ ಇಲ್ಲ, ಅಕ್ಷರ ಹುಡುಕುತ್ತಿದ್ದೇನೆ, ಕಾಯ್‌ಜೆ ನಾನು ಅಕ್ಕ — ಅಷ್ಟು ಕಳಿಸುವಷ್ಟರಲ್ಲಿ ಉಂಗುರ ಸುಟ್ಟುಹೋಗಿ ಎಲೆಗಳನ್ನು ತಾನೇ ಎಸೆಯಿತು, ನನ್ನ ಬಾಯಿ ಮುಚ್ಚಿಸಿತು, ಐದನೇ ಕುರ್ಚಿಯವನು ಬರೆದ, ಹೊಸಬ ನಿದ್ದೆ ಹೋದ, ಯಾರಾದ್ರೂ ಹೊದಿಸ್ರಪ್ಪ. ಮರದತಲೆ ಮುಂದಿನ ಪಣ ಇಟ್ಟ. ಓದಿದನೋ, ಓದಲಿಲ್ಲವೋ.

ಎರಡನೇ ಸಲ, ಎರಡು ಎಕ್ಕ, ಇಸ್ಪೀಟು ಗೊತ್ತಿಲ್ಲದ ನನಗೂ ಗೊತ್ತು ಇದಕ್ಕಿಂತ ಮೇಲಿಲ್ಲ, ತಮ್ಮ ತನ್ನ ಮುಂದಿದ್ದ ದುಡ್ಡನ್ನೆಲ್ಲ ನಡುವಿಗೆ ತಳ್ಳಿದ, ಐದನೆಯವನೊಬ್ಬ ಎಲೆ ಹಿಡಿದು ಕೂತ, ಉಳಿದವರು ಬಿಟ್ಟರು, ಉಂಗುರ ಈಗ ನನ್ನ ಸುತ್ತ ಉರಿಯುತ್ತಿದೆ, ಬರೆದೆ, ಅಪ್ಪನ್ನ ಮನೆಗೆ ಕರ್ಕೊಂಡು ಬರ್ತಿದ್ದೀವಿ, ಒಂದೇ ಉಸಿರಿದೆ, ಬಾರೋ. ಐದನೆಯವನು, ನಮ್ಮಪ್ಪ ಹೋದ ವಾರಾನೇ ಎರಡು ಸಲ ಸತ್ತ, ಎರಡು ಸಲವೂ ನಾನೇ ಗೆದ್ದೆ. ಮತ್ತೆ ಮರದತಲೆ, ಅಕ್ಕ, ಈ ಸಲ ಯಾರ ದನಿ. ಅಷ್ಟೇ. ಯಾರ ದನಿ — ಹೋದ ವರ್ಷ ಲಾಟೀನು ಹಬ್ಬಕ್ಕೆ ಅವನು ಬರುವುದಿಲ್ಲ ಎಂದಾಗ ನಾನೇ ಅಪ್ಪನ ದನಿಯಲ್ಲಿ ಫೋನು ಮಾಡಿದ್ದೆ, ಆ ಕೆಮ್ಮು, ಆ ನಡುವೆ ನಿಲ್ಲಿಸುವ ಉಸಿರು, ಮಗಾ ನಾನು ಉಳಿಯಲ್ಲ ಕಣೋ, ಎಷ್ಟು ಚೆನ್ನಾಗಿ ಮಾಡಿದ್ದೆ, ಅವನು ಮಳೆಯಲ್ಲಿ ಬೈಕು ಓಡಿಸಿ, ಒಮ್ಮೆ ಜಾರಿ ಬಿದ್ದು, ಮೊಣಕಾಲು ತರಚಿಕೊಂಡು ಬಾಗಿಲಲ್ಲಿ ನಿಂತಾಗ ನಾವು ಸಿಹಿ ಉಂಡೆಯ ಬಟ್ಟಲು ಹಿಡಿದು ನಗುತ್ತಿದ್ದೆವು, ಅಪ್ಪನೂ ನಕ್ಕ, ಮರದತಲೆ, ಅಕ್ಕನ ದನಿಗೂ ಅಪ್ಪನ ದನಿಗೂ ವ್ಯತ್ಯಾಸ ಗೊತ್ತಾಗಲ್ವೇನೋ. ಕಾಯ್‌ಜೆ ನಗಲಿಲ್ಲ. ಒದ್ದೆ ಶೂ ಬಿಚ್ಚದೆಯೇ ತಿರುಗಿ ಹೋದ. ಅಂದಿನಿಂದ ಫೋನು ಎತ್ತಿಲ್ಲ, ಅಪ್ಪನ ಗಂಟಲಿನ ಗಡ್ಡೆಯ ಸುದ್ದಿಯನ್ನೂ ಕೇಳಿಸಿಕೊಂಡಿಲ್ಲ.

ಉಂಗುರ ಕಾಲುಭಾಗ ಉಳಿದಿದೆ, ಏನು ಬರೆದರೂ ಇಲ್ಲಿ ಸುಳ್ಳು, ಸುಳ್ಳು ಹೇಳುವುದಕ್ಕೇ ಇಲ್ಲಿ ಕೂತಿದ್ದಾರೆ — ಒಂದು ಗುಂಡಿ ಹುಡುಕಿದೆ, ಇತ್ತು, ಎಲೆ ತೋರಿಸಿ ಬಿಟ್ಟುಬಿಡಿ, ಒತ್ತಿದೆ, ಎರಡು ಎಕ್ಕಗಳು ಅಂಗಾತ ಬಿದ್ದವು, ಗೆಲ್ಲುವ ಎಲೆಯನ್ನು ಕೈಯಾರೆ ಎಸೆದವಳು ಯಾಕೆ ಸುಳ್ಳು ಹೇಳುತ್ತಾಳೆ, ನೋಡೋ, ನೋಡು. ಮರದತಲೆಯ ಹಸಿರು ಚುಕ್ಕೆ ಒಂದು ಕ್ಷಣ ಹಾಗೇ ಇತ್ತು, ಆಮೇಲೆ ಬೂದಿಬಣ್ಣವಾಯಿತು, ಕುರ್ಚಿ ಖಾಲಿ. ಬೈಕಿನ ಕೀಲಿ ಹುಡುಕುತ್ತಿದ್ದಾನೋ, ಬೇಸತ್ತು ಬೇರೆ ಮೇಜಿಗೆ ಹೋದನೋ, ಖಾಲಿ ಕುರ್ಚಿ ಹೇಳುವುದಿಲ್ಲ.

ಮನೆ ಬಂತು, ಗಾಡಿ ನಿಂತಿತು, ನಡುಮನೆಯ ಹಲಗೆ ಮಂಚ, ಅದರ ಮೇಲೆ ಅಪ್ಪ, ಗೋಡೆಗೆ ಒಳಗೆ ಯಾರ ಕೈಯೂ ಇಲ್ಲದೆ ಜೋತುಬಿದ್ದ ರಾಜರು, ಮುಕ್ಕಾಲು ಗಂಟೆ ಕಳೆಯಿತು, ಬೀದಿಯಲ್ಲಿ ಬೈಕಿನ ಸದ್ದು — ಅಲ್ಲ, ಅಂಚೆಯವನು. ನರ್ಸಮ್ಮ ಎಡಗೈಗೆ ಬದಲಾಯಿಸಿದಳು, ಏನಮ್ಮಾ, ನನ್ನ ಕೈ ಸೋತ್ರೂ ಪರವಾಗಿಲ್ಲ, ಅವರಿಗೆ ಆಗ್ತಿಲ್ಲ, ನೋಡು. ಅಮ್ಮ ನನ್ನ ತೋಳು ಹಿಡಿದಳು, ಪೈಲಿಂಗ್, ತಮ್ಮನ ದನೀಲಿ ಒಂದು ಸಲ ಅಪ್ಪಾ ಅನ್ನೇ, ಮಗ ಬಂದ ಅಂತ ಹೋಗ್ಲಿ. ಬರುತ್ತದೆ ನನಗೆ, ಬಾಗಿಲಲ್ಲಿ ಶೂ ಒದರುತ್ತಾ ಅವನು ಎಳೆಯುವ ಆ ದೀರ್ಘ, ಕೊನೆಯಲ್ಲಿ ಸ್ವಲ್ಪ ಒಡೆಯುವ ಆ ದನಿ, ಯಾರಿಗೂ ವ್ಯತ್ಯಾಸ ಗೊತ್ತಾಗುವುದಿಲ್ಲ, ಬಾಯಿ ತೆರೆದೆ, ಹಸಿರು ಚೀಲ ಕುಗ್ಗಿತು, ಉಬ್ಬಿತು, ತೆರೆದೇ ಇದೆ ಬಾಯಿ, ಕುಗ್ಗಿತು, ಉಬ್ಬಿತು, ಅರ್ಧ ಉದುರಿದ ಕೆಂಪು ಉಗುರು ಅದರ ಮೇಲೆ ನಿಂತಿದೆ, ಒತ್ತದೆ, ಅಪ್ಪನ ಎದೆ ಇಳಿದೇ ಇದೆ, ಚೀಲ ಉಬ್ಬಿಕೊಂಡೇ ಇದೆ